ತ್ರಿಮೂರ್ತಿಗಳ ಆಚೆ ಕೇಳುವುದು ಹೇಗೆ: ಹೆಸರು ಹಿಂದೆ ಉಳಿದ ವಾಗ್ಗೇಯಕಾರರಿಗೆ ಕಿವಿ ಕೊಡಲು ಸಮಗ್ರ ಮಾರ್ಗದರ್ಶಿ

ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು. ಕರ್ನಾಟಕ ಸಂಗೀತ ಕೇಳುವವರ ಫೋನಿನಲ್ಲಿ ಹೆಚ್ಚಾಗಿ ಈ ಮೂವರೇ ಇರುತ್ತಾರೆ. ಇವರನ್ನು ದಾಟಿ ಬೇರೆ ವಾಗ್ಗೇಯಕಾರರನ್ನೂ (ಮಾತು, ಧಾಟಿ ಎರಡನ್ನೂ ಮಾಡಿದವರನ್ನು) ಕೇಳಬೇಕು ಅಂತ ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. 'ಅಪರೂಪದ ಕೃತಿಗಳು' ಅನ್ನೋ ಉದ್ದನೆಯ ಪ್ಲೇಲಿಸ್ಟ್ ಹಾಕಿಕೊಂಡು, ಅಡುಗೆ ಮಾಡುತ್ತಲೋ ಟ್ರಾಫಿಕ್‌ನಲ್ಲಿ ಕೂತೋ ಒಂದರ ಹಿಂದೆ ಒಂದು ಕೇಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಎಲ್ಲ ಒಂದೇ ಥರ ಕೇಳಿಸುತ್ತದೆ. 'ಇವರು ಯಾಕೆ ಹೆಸರು ಮಾಡಲಿಲ್ಲ ಅಂತ ಈಗ ಗೊತ್ತಾಯಿತು' ಅಂತ ಬಿಟ್ಟುಬಿಡುತ್ತಾರೆ.

ತೊಂದರೆ ಇರುವುದು ಕೇಳುವ ಕ್ರಮದಲ್ಲಿ. ತ್ಯಾಗರಾಜರ 'ಎಂದರೋ ಮಹಾನುಭಾವುಲು' ನಿಮಗೆ ಅರ್ಧ ಗಮನದಲ್ಲೂ ಹಿತವಾಗಿ ಕೇಳಿಸುತ್ತದೆ, ಯಾಕೆಂದರೆ ಚಿಕ್ಕಂದಿನಿಂದ ನೂರಾರು ಸಲ ಕಿವಿಗೆ ಬಿದ್ದಿದೆ. ಹೊಸ ರಚನೆಗೆ ಆ ಅನುಕೂಲ ಇಲ್ಲ. ಹಾಗಾಗಿ ನೂರು ಕೃತಿಗಳನ್ನು ಒಂದೊಂದು ಸಲ ಕೇಳುವ ಬದಲು ನಾಲ್ಕು ರಚನೆಗಳನ್ನು ಮತ್ತೆ ಮತ್ತೆ ಕೇಳಿ. ಅವುಗಳ ಅನುಕ್ರಮವನ್ನೂ ಇಲ್ಲಿ ಕೊಟ್ಟಿದ್ದೇನೆ. ಹಿಂದೆ ಮುಂದೆ ಮಾಡಬೇಡಿ. ವಾರಕ್ಕೆ ಒಂದು ರಚನೆ ಸಾಕು.

ಶುರುವಿಗೆ ಮೊದಲು: ಏನೇನು ಬೇಕು

ಮೊದಲನೆಯದು ಸಾಹಿತ್ಯ, ಕನ್ನಡ ಲಿಪಿಯಲ್ಲಿ. ತೆಲುಗು ಅಥವಾ ಸಂಸ್ಕೃತ ಆಗಿದ್ದರೆ ಪಕ್ಕದಲ್ಲಿ ಅರ್ಥವೂ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನೋಡಿ ಕೇಳಬೇಡಿ. ಅದರಲ್ಲಿ ತ, ಟ, ಲ, ಳ ಎಲ್ಲ ಕಲಸಿಹೋಗುತ್ತವೆ, ಪ್ರಾಸ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯದು, ಪ್ರತಿ ರಚನೆಗೂ ಎರಡು ಧ್ವನಿಮುದ್ರಣ. ಒಂದು ಹಾಡುಗಾರಿಕೆ, ಇನ್ನೊಂದು ವೀಣೆ ಅಥವಾ ಪಿಟೀಲು. ಮಾತು ಇಲ್ಲದೆ ಕೇಳಿದಾಗ ಧಾಟಿಯ ಮೂಳೆ ಕಾಣುತ್ತದೆ.

ಮೂರನೆಯದು ನಿಮ್ಮ ಕೈ. ತಾಳ ಹಾಕಬೇಕು. ಇಲ್ಲಿ ಹೇಳುವ ನಾಲ್ಕೂ ರಚನೆಗಳು ಆದಿತಾಳದಲ್ಲಿವೆ: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡುವುದು). ಒಟ್ಟು ಎಂಟು. ಹಾಡಲು ಬಾರದಿದ್ದರೂ ಪರವಾಗಿಲ್ಲ, ತಾಳ ಮಾತ್ರ ಬಿಡಬೇಡಿ. ಕೈ ಕೆಲಸ ಮಾಡುತ್ತಿದ್ದರೆ ಗಮನ ಅಷ್ಟು ಸುಲಭವಾಗಿ ಜಾರುವುದಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದುಬಾರಿ ಹೆಡ್‌ಫೋನ್ ಬೇಕಾಗಿಲ್ಲ.

ಧ್ವನಿಮುದ್ರಣ ಆರಿಸುವಾಗ ಒಂದು ಎಚ್ಚರಿಕೆ. ಅರ್ಧ ಗಂಟೆಯ ಆಲಾಪನೆ, ನೆರವಲು, ಕಲ್ಪನಾಸ್ವರ (ಗಾಯಕರು ಆ ಕ್ಷಣಕ್ಕೆ ತಾವೇ ಕಟ್ಟಿ ಬೆಳೆಸುವ ಭಾಗಗಳು) ಇರುವುದನ್ನು ಈಗ ಮುಟ್ಟಬೇಡಿ. ಅಲ್ಲಿ ನೀವು ಹೆಚ್ಚಾಗಿ ಕೇಳುವುದು ಗಾಯಕರ ಮನೋಧರ್ಮ, ರಚನೆಗೆ ಸಿಗುವುದು ಕೆಲವೇ ನಿಮಿಷ. ಮೇಷ್ಟ್ರು ಪಾಠ ಹೇಳುವ ಹಾಗೆ ರಚನೆಯನ್ನಷ್ಟೇ ಹಾಡಿರುವ ಮುದ್ರಣ ಹುಡುಕಿ.

ಹಂತ 1: ಈಗಾಗಲೇ ಗೊತ್ತಿರುವ ವರ್ಣದಿಂದ ಶುರು ಮಾಡಿ

ಮೊದಲ ವಾರ 'ನಿನ್ನು ಕೋರಿ', ಮೋಹನ ರಾಗ. ಸಂಗೀತ ಪಾಠಕ್ಕೆ ಹೋದವರೆಲ್ಲ ಇದನ್ನು ಕಲಿತಿರುತ್ತಾರೆ. ಪಕ್ಕದ ಮನೆಯ ಮಗು ಕಲಿಯುವಾಗ ಕೇಳಿಸಿಕೊಂಡವರೂ ಇರುತ್ತಾರೆ. ಮಾಡಿದವರು ಯಾರು ಅಂತ ಕೇಳಿ ನೋಡಿ, ಉತ್ತರ ಬರುವುದು ಕಮ್ಮಿ. ರಾಮನಾಡು ಶ್ರೀನಿವಾಸ ಅಯ್ಯಂಗಾರ್ (1860-1919). ಹೆಸರಾಂತ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಗುರು.

ಕೇಳುವ ಮೊದಲು ನೋಟ್‌ಬುಕ್ಕಿನ ಮೇಲ್ಗಡೆ ಒಂದು ಪ್ರಶ್ನೆ ಬರೆಯಿರಿ: ಈ ರಚನೆಯ ಕೆಲಸ ಏನು? ನಾಲ್ಕು ವಾರವೂ ಇದೇ ಪ್ರಶ್ನೆ. ವರ್ಣದ ಕೆಲಸ ರಾಗವನ್ನು ಕಲಿಯುವವರ ಗಂಟಲಿನಲ್ಲಿ, ಕೈಯಲ್ಲಿ ಕೂರಿಸುವುದು. ಸಾಹಿತ್ಯಕ್ಕೆ ಅಲ್ಲಿ ಜಾಗ ಕಮ್ಮಿ, ಎರಡು ಮೂರು ಸಾಲು ಅಷ್ಟೆ. ಅದರಲ್ಲಿ ಕಾವ್ಯ ಹುಡುಕಿ, ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದು ಮೊದಲ ದೊಡ್ಡ ತಪ್ಪು.

ಈಗ ಹೀಗೆ ಕೇಳಿ. ಮೋಹನದಲ್ಲಿ ಇರುವುದು ಸ ರಿ ಗ ಪ ದ, ಐದೇ ಸ್ವರ. ಪಲ್ಲವಿ, ಅಂದರೆ ಮೊದಲ ಸಾಲು, ಶುರುವಾಗುವುದೇ ಗಾಂಧಾರದ (ಗ) ಮೇಲೆ. ಆ ಗಾಂಧಾರ ಮೋಹನದ ಜೀವ. ಷಡ್ಜದಿಂದ (ಸ) ಮೆಟ್ಟಿಲು ಹತ್ತದೆ ನೇರವಾಗಿ ರಾಗದ ನಡುವಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಮೊದಲ ದಿನ ಈ ಒಂದು ಜಾಗವನ್ನೇ ಮತ್ತೆ ಮತ್ತೆ ಹಾಕಿ ಕೇಳಿ. ಮುಂದಕ್ಕೆ ಹೋಗಬೇಡಿ.

ಎರಡನೇ ದಿನ ಮುಕ್ತಾಯಿ ಸ್ವರ, ಅಂದರೆ ವರ್ಣದ ಮೊದಲ ಭಾಗವನ್ನು ಮುಗಿಸುವ ಸ್ವರಗಳು. ಮೂರನೇ ದಿನದಿಂದ ಚರಣ (ಎರಡನೇ ಭಾಗದ ಸಾಲು) ಮತ್ತು ಅದರ ಜೊತೆ ಒಂದೊಂದಾಗಿ ಬರುವ ಎತ್ತುಗಡೆ ಸ್ವರಗಳು. ಇಲ್ಲಿ ಪ್ರತಿ ಸುತ್ತಿನಲ್ಲೂ ಏನು ಬದಲಾಗುತ್ತದೆ ಅಂತ ಬರೆದುಕೊಳ್ಳಿ. ಮೊದಲು ನೀಳ ಸ್ವರಗಳು, ಉಸಿರಾಡಲು ಜಾಗ ಇರುವಂಥವು. ಆಮೇಲೆ ನೇಯ್ಗೆ ಒತ್ತಾಗುತ್ತದೆ. ಕೊನೆಯ ಸ್ವರ ಎಲ್ಲಕ್ಕಿಂತ ಉದ್ದ, ಅದು ಸುತ್ತಿ ಬಂದು ಚರಣದ ಸಾಲಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಆ ಕೂಡುವ ಜಾಗದಲ್ಲಿ ತಾಳ ತಪ್ಪಿತೇ? ಹಿಂದೆ ಹೋಗಿ ಮತ್ತೆ ಕೇಳಿ.

ವಾರದ ಕೊನೆಗೆ ಒಂದು ಪರೀಕ್ಷೆ ಮಾಡಿ. ಯಾವುದಾದರೂ ಒಂದು ಸ್ವರಗುಚ್ಛವನ್ನು ಮನಸ್ಸಿನಲ್ಲೇ ತೆಗೆದುಹಾಕಿ. ಮೋಹನದ ಬಗ್ಗೆ ನಿಮಗೆ ಗೊತ್ತಿದ್ದದ್ದರಲ್ಲಿ ಏನಾದರೂ ಕಮ್ಮಿ ಆಯಿತಾ? ನನ್ನ ಪ್ರಕಾರ ಈ ವರ್ಣದಲ್ಲಿ ಸುಮ್ನೆ ತುಂಬಿಸಿದ ಜಾಗ ಒಂದೂ ಇಲ್ಲ. ವಿನಯದ ಕಲೆ ಅಂದರೆ ನನಗೆ ಇದು. ತಾನು ಕಾಣಿಸಿಕೊಳ್ಳದೆ, ಕಲಿಯುವ ಮಗುವಿಗೆ ಬೇಕಾದದ್ದನ್ನಷ್ಟೇ, ಬೇಕಾದ ಅಳತೆಯಲ್ಲಿ ಕೊಡುವುದು. ಇಂಥದ್ದನ್ನು ಮಾಡುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 2: ಅದೇ ರಾಗ, ಅದೇ ಗುರುಕುಲ, ಬೇರೆ ಕೈ

ಎರಡನೇ ವಾರ ಮೈಸೂರು ವಾಸುದೇವಾಚಾರ್ಯರ (1865-1961) 'ರಾ ರಾ ರಾಜೀವಲೋಚನ'. ಇದೂ ಮೋಹನವೇ. ಈ ಇಬ್ಬರನ್ನು ಜೊತೆಗೆ ಇಡಲು ಕಾರಣ ಇದೆ: ಶ್ರೀನಿವಾಸ ಅಯ್ಯಂಗಾರ್ಯರು, ವಾಸುದೇವಾಚಾರ್ಯರು ಇಬ್ಬರೂ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು. ರಾಗ ಒಂದೇ, ಪಾಠ ಹೇಳಿದವರು ಒಬ್ಬರೇ. ಹಾಗಾಗಿ ಕಿವಿಗೆ ಸಿಗುವ ವ್ಯತ್ಯಾಸ ಬಹುಪಾಲು ಆಯಾ ವಾಗ್ಗೇಯಕಾರರದ್ದು, ಜೊತೆಗೆ ವರ್ಣಕ್ಕೂ ಕೃತಿಗೂ ಇರುವ ವ್ಯತ್ಯಾಸ.

ಮೊದಲು ವೀಣೆಯಲ್ಲಿ ಕೇಳಿ, ಆಮೇಲೆ ಹಾಡುಗಾರಿಕೆ. ಪಲ್ಲವಿಯಲ್ಲಿ ಮೂರು 'ರಾ' ಸಾಲಾಗಿ ಬರುತ್ತವೆ. ಮೂರೂ ಒಂದೇ ಸ್ವರದ ಮೇಲೆ ಬೀಳುತ್ತವೋ, ಜಾಗ ಬದಲಿಸುತ್ತವೋ ಗಮನಿಸಿ. ಆಮೇಲೆ ಸಂಗತಿಗಳನ್ನು, ಅಂದರೆ ಒಂದೇ ಸಾಲನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಾಡುವ ರೂಪಗಳನ್ನು, ಎಣಿಸಿ. ಪ್ರತಿ ಸಂಗತಿಯಲ್ಲೂ ಬದಲಾಗುವುದು ಸಾಲಿನ ತಲೆಯೋ ಬಾಲವೋ ಅಂತ ಗುರುತು ಹಾಕಿ. ಈ ಒಂದು ಅಭ್ಯಾಸ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಕೃತಿ 'ಚೆನ್ನಾಗಿದೆ' ಅನ್ನುವುದರ ಬದಲು, ಮೂರನೇ ಸಂಗತಿಯಲ್ಲಿ ಹೀಗೆ ತಿರುಗಿತಲ್ಲ ಅದು ಚೆನ್ನಾಗಿದೆ ಅಂತ ಹೇಳಲು ಬರುತ್ತದೆ.

ಇಬ್ಬರು ಗಾಯಕರಲ್ಲಿ ಸಂಗತಿಗಳ ಲೆಕ್ಕ ಬೇರೆ ಬೇರೆ ಬಂದರೆ ಗಾಬರಿ ಬೇಡ. ಅದು ಪಾಠಾಂತರ, ಒಂದೊಂದು ಗುರುಪರಂಪರೆಯಲ್ಲಿ ಬಂದ ಬೇರೆ ಬೇರೆ ಪಾಠ. ಇಬ್ಬರಲ್ಲೂ ಇರುವ ಸಂಗತಿಗಳನ್ನು ಈಗ ಹಿಡಿದುಕೊಳ್ಳಿ, ಉಳಿದದ್ದು ಆಮೇಲೆ.

ಹಂತ 3: ಕನ್ನಡದ ಕೃತಿಗೆ ಬನ್ನಿ

ಮೂರನೇ ವಾರ ಮುತ್ತಯ್ಯ ಭಾಗವತರ (1877-1945) 'ಭುವನೇಶ್ವರಿಯ ನೆನೆ ಮಾನಸವೇ', ಮೋಹನಕಲ್ಯಾಣಿ. ಹರಿಕೇಶನಲ್ಲೂರಿನವರು, ಮೈಸೂರು ಆಸ್ಥಾನಕ್ಕೆ ಬಂದವರು. ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ಮಾಡಿದರು. ನಮ್ಮ ಭಾಷೆಯಲ್ಲೇ ಇಷ್ಟು ದೊಡ್ಡ ಗಂಟು ಇದ್ದೂ ನಮ್ಮ ಕಚೇರಿಗಳಲ್ಲಿ ಕೇಳಿಬರುವುದು ಕೆಲವೇ ಕೆಲವು. ಇದು ನನಗೆ ನಿಜವಾಗಿ ನೋವಿನ ವಿಷಯ.

ಎರಡು ವಾರ ಮೋಹನ ಕೇಳಿದ ಕಿವಿಗೆ ಈ ಕೃತಿ ಕೊಡುವ ಖುಷಿಯೇ ಬೇರೆ. ಮೋಹನಕಲ್ಯಾಣಿ ಹತ್ತುವಾಗ ಮೋಹನ: ಸ ರಿ ಗ ಪ ದ ಸ. ಇಳಿಯುವಾಗ ಕಲ್ಯಾಣಿ: ಸ ನಿ ದ ಪ ಮ ಗ ರಿ ಸ. ಮೋಹನದಲ್ಲಿ ಇಲ್ಲದ ನಿಷಾದ (ನಿ) ಮತ್ತು ಪ್ರತಿಮಧ್ಯಮ (ಮ) ಇಳಿಯುವಾಗ ಬಂದು ಸೇರುತ್ತವೆ. ನಿಮ್ಮ ಕೆಲಸ ಇಷ್ಟೇ: ಆ ಎರಡು ಸ್ವರ ಮೊದಲ ಸಲ ಕೇಳಿಸುವ ಅಕ್ಷರದ ಕೆಳಗೆ ಸಾಹಿತ್ಯದ ಹಾಳೆಯಲ್ಲಿ ಗೆರೆ ಹಾಕಿ. ಸ್ವರದ ಹೆಸರು ಗೊತ್ತಾಗದಿದ್ದರೂ 'ಇಲ್ಲೇನೋ ಹೊಸದು ಬಂತು' ಅಂತ ಕಿವಿ ಹೇಳುತ್ತದೆ. ಹೇಳಲಿಲ್ಲ ಅಂದರೆ ಹಂತ 1ಕ್ಕೆ ವಾಪಸ್ ಹೋಗಿ, ಮೋಹನ ಇನ್ನೂ ಕೂತಿಲ್ಲ. ಹಂತಗಳನ್ನು ಹಾರಿಸಬೇಡಿ ಅಂದದ್ದು ಇದಕ್ಕೇ.

ಸಾಹಿತ್ಯ ಅರ್ಥವಾಗುವುದರಿಂದ ಇಲ್ಲಿ ಇನ್ನೊಂದನ್ನೂ ನೋಡಬಹುದು. ಪದ ಎಲ್ಲಿ ಒಡೆಯುತ್ತದೆ? ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತು ಮುರಿಯುತ್ತಿದ್ದರೆ ಅದು ಹಾಡುವವರ ದೋಷ ಆಗಿರಬಹುದು. ಇನ್ನೊಂದು ಮುದ್ರಣದಲ್ಲೂ ಅಲ್ಲೇ ಮುರಿದರೆ ಮಾತ್ರ ರಚನೆಯ ಕಡೆ ನೋಡಿ.

ಹಂತ 4: ಎಲ್ಲರಿಗೂ ಗೊತ್ತಿರುವ ಹಾಡು, ಮರೆತ ಹೆಸರು

ನಾಲ್ಕನೇ ವಾರ 'ಬ್ರೋಚೇವಾರೆವರುರಾ', ಖಮಾಚ್. ಸಿನಿಮಾದಿಂದ ಮದುವೆ ಮನೆಯ ನಾದಸ್ವರದವರೆಗೆ ಎಲ್ಲ ಕಡೆ ಇದೆ. ತೆಲುಗು, ರಘುವರ ಅಂತ ಬೇರೆ ಬರುತ್ತದೆ, ಹಾಗಾಗಿ ತ್ಯಾಗರಾಜರದ್ದು ಅಂತ ಅನೇಕರು ತಿಳಿದಿದ್ದಾರೆ. ವಾಸುದೇವಾಚಾರ್ಯರದ್ದು. ಈ ವಾರ ಧಾಟಿಯನ್ನು ಪಕ್ಕಕ್ಕಿಟ್ಟು ಸಾಹಿತ್ಯ ಓದಿ, ಜೋರಾಗಿ.

ಪಲ್ಲವಿ 'ಬ್ರೋಚೇ' ಅಂತ ಶುರು. ಅದರ ಮುಂದಿನ ಭಾಗ ಅನುಪಲ್ಲವಿ 'ಓ ಚತುರಾನನಾದಿ' ಅಂತ ಶುರು. ಎರಡರಲ್ಲೂ ಎರಡನೇ ಅಕ್ಷರ ಚ. ಚರಣ 'ಸೀತಾಪತೇ', ಮುಂದೆ 'ವಾತಾತ್ಮಜ': ಎರಡನೇ ಅಕ್ಷರ ತ. ಕೊನೆಗೆ 'ಭಾಸುರಮುಗ', 'ವಾಸುದೇವುಡವು': ಎರಡನೇ ಅಕ್ಷರ ಸು. ಹಳಗನ್ನಡ ಕಾವ್ಯ ಓದಿದವರಿಗೆ ಇದು ಹೊಸದಲ್ಲ, ಅದೇ ಆದಿಪ್ರಾಸ. ಈಗ ಮತ್ತೆ ಹಾಡು ಹಾಕಿ, ಆ ಪ್ರಾಸದ ಅಕ್ಷರಗಳು ತಾಳದಲ್ಲಿ ಎಲ್ಲಿ ಬೀಳುತ್ತವೆ ಅಂತ ಬೆರಳಲ್ಲಿ ಹಿಡಿಯಿರಿ. ಮೊದಲು ಸಾಲು ಸಾಲಾಗಿ ಕೇಳುತ್ತಿದ್ದದ್ದು ಈಗ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಾಗೆ ಕೇಳಿಸುತ್ತದೆ.

ಆ ಕೊನೆಯ ಸಾಲಿನಲ್ಲೇ ಅಂಕಿತ ಇದೆ. ಆನೆಯನ್ನು ಕಾಪಾಡಿದ ವಾಸುದೇವ ನೀನೇ ಅಲ್ಲವೇ ಅಂತ ದೇವರನ್ನು ಕೇಳುವ ಮಾತಿನ ಒಳಗೆ ತಮ್ಮ ಹೆಸರನ್ನು ಸೇರಿಸಿಬಿಟ್ಟಿದ್ದಾರೆ. ಗೊತ್ತಿಲ್ಲದವರಿಗೆ ಅದು ದೇವರ ಹೆಸರು ಮಾತ್ರ. ಗೊತ್ತಿರುವವರಿಗೆ ಸಹಿ. ಪ್ರಾಸವೂ ಕೆಡಲಿಲ್ಲ, ಅರ್ಥವೂ ಕೆಡಲಿಲ್ಲ. ಈ ಒಂದು ಸಾಲಿಗಾಗಿಯೇ ಈ ಕೃತಿಯನ್ನು ನಾನು ಪಟ್ಟಿಯಲ್ಲಿ ಇಟ್ಟಿದ್ದೇನೆ.

ಹಂತ 5: ಯಾರದ್ದು ಅಂತ ಖಾತ್ರಿ ಮಾಡಿಕೊಳ್ಳಿ

ನಾಲ್ಕು ರಚನೆ ಆದಮೇಲೆ ನೀವೇ ಹುಡುಕಲು ಶುರು ಮಾಡುತ್ತೀರಿ. ಆಗ ಅಂತರ್ಜಾಲದಲ್ಲಿ ಹಾಕಿರುವ ಹೆಸರನ್ನು ಹಾಗೇ ನಂಬಬೇಡಿ. ಮೊದಲು ಅಂಕಿತ ನೋಡಿ. ವಾಸುದೇವ ಅಂದರೆ ವಾಸುದೇವಾಚಾರ್ಯರು, ಹರಿಕೇಶ ಅಂದರೆ ಮುತ್ತಯ್ಯ ಭಾಗವತರು, ಶ್ರೀನಿವಾಸ ಅಂದರೆ ರಾಮನಾಡು ಶ್ರೀನಿವಾಸ ಅಯ್ಯಂಗಾರ್, ಗೋಪಾಲದಾಸ ಅಂದರೆ ವೀಣೆ ಕುಪ್ಪಯ್ಯರ್, ಕುಮಾರ ಅಂದರೆ ಶ್ಯಾಮಾಶಾಸ್ತ್ರಿಗಳ ಮಗ ಸುಬ್ಬರಾಯ ಶಾಸ್ತ್ರಿ.

ಅಂಕಿತವೂ ಕೈಕೊಡುವುದುಂಟು. 'ವೆಂಕಟೇಶ' ಅಂತ ಬಂದರೆ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಆಗಿರಬಹುದು, ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಕೂಡ ಆಗಿರಬಹುದು. ಇಬ್ಬರೂ ಅದನ್ನೇ ಬಳಸಿದರು. ಎಷ್ಟೋ ವರ್ಣಗಳಲ್ಲಿ ಅಂಕಿತವೇ ಇರುವುದಿಲ್ಲ. ಆಗ ಸ್ವರಲಿಪಿ ಇರುವ ಒಳ್ಳೆಯ ಪುಸ್ತಕ ನೋಡಬೇಕು, ಇಲ್ಲವೇ ಗೊತ್ತಿರುವ ವಿದ್ವಾಂಸರನ್ನು ಕೇಳಬೇಕು.

ಇನ್ನೊಂದು ಪ್ರಶ್ನೆಯನ್ನು ತುಂಬಾ ಜನ ಮರೆಯುತ್ತಾರೆ: ಧಾಟಿ ಅವರದ್ದೇನಾ? ಮಾತು, ಧಾತು (ಧಾಟಿ) ಎರಡನ್ನೂ ಮಾಡಿದವರು ವಾಗ್ಗೇಯಕಾರರು. ಹಳೆಯ ಪದಗಳಿಗೆ ಈಚಿನವರು ರಾಗ ಹಾಕಿದ್ದರೆ, ನೀವು ಮೆಚ್ಚಿದ್ದು ಆ ಈಚಿನವರ ಕೆಲಸವನ್ನು. ಮೆಚ್ಚಿ, ತಪ್ಪಿಲ್ಲ. ಹೆಸರು ಮಾತ್ರ ಸರಿಯಾಗಿ ಬರೆದುಕೊಳ್ಳಿ.

ಹಂತ 6: ಹೋಲಿಕೆ, ಆದರೆ ಸರಿಯಾದ ಜೊತೆ

ವಾಸುದೇವಾಚಾರ್ಯರ ಮೋಹನ ಕೇಳಿ, ತಕ್ಷಣ ತ್ಯಾಗರಾಜರ 'ನನು ಪಾಲಿಂಪ' ಹಾಕಿ ಪಕ್ಕಪಕ್ಕ ತೂಗಬೇಡಿ. ತೂಕ ಎಲ್ಲಿ ಜಾಸ್ತಿ ಅಂತ ಮೊದಲೇ ತೀರ್ಮಾನ ಆಗಿರುತ್ತದೆ, ಕಿವಿಗೆ ಕೆಲಸವೇ ಇರುವುದಿಲ್ಲ. ಮೊದಲು ಒಂದೇ ಕಾಲದ, ಒಂದೇ ಥರದ ರಚನೆಗಳನ್ನು ಹೋಲಿಸಿ. ವರ್ಣಕ್ಕೆ ವರ್ಣ: 'ನಿನ್ನು ಕೋರಿ' ಪಕ್ಕದಲ್ಲಿ ಪಟ್ನಂ ಅವರ ಆಭೋಗಿ ವರ್ಣ 'ಎವರಿ ಬೋಧನ', ಅದರ ಪಕ್ಕ ತಿರುವೊಟ್ಟಿಯೂರು ತ್ಯಾಗಯ್ಯರ್ ಅವರ ಸಹಾನ ವರ್ಣ 'ಕರುಣಿಂಪ'.

ಎಲ್ಲರನ್ನೂ ಒಂದೇ ಸಮ ಮೆಚ್ಚಬೇಕಾಗಿಲ್ಲ. ನನಗೆ ವಾಸುದೇವಾಚಾರ್ಯರ ಕೆಲವು ಸಂಸ್ಕೃತ ಕೃತಿಗಳಿಗಿಂತ ತೆಲುಗಿನವು ಹತ್ತಿರ. ಪಟ್ನಂ ಅವರ 'ರಘುವಂಶ ಸುಧಾಂಬುಧಿ'ಯಲ್ಲಿ ಕದನಕುತೂಹಲ ರಾಗದ ಆರೋಹಣ (ಹತ್ತುವ ಸ್ವರಗಳು) ಸ ರಿ ಮ ದ ನಿ ಗ ಪ ಸ ಅಂತ ಹಾರುತ್ತ ಹೋಗುವುದು ಮೊದಲ ಸಲವೇ ಖುಷಿ ಕೊಡುತ್ತದೆ, ಆದರೆ ಅದೇ ಪಟ್ನಂ ಅವರ ಬಿಲಹರಿ ಕೃತಿ 'ಪರಿದಾನಮಿಚ್ಚಿತೇ' ಹತ್ತನೇ ಸಲ ಕೇಳಿದಾಗ ಜಾಸ್ತಿ ಕೊಡುತ್ತದೆ. ಇಂಥ ತೀರ್ಮಾನ ನಿಮ್ಮದೇ ಆಗಿರಬೇಕು. ನೋಟ್‌ಬುಕ್ಕಿನಲ್ಲಿ ಕಾರಣದ ಜೊತೆ ಬರೆದಿಡಿ.

ಹಾದಿ ತಪ್ಪುತ್ತಿದೆ ಅನ್ನುವುದರ ಗುರುತುಗಳು

ಐದಾರು ಸಲ ಕೇಳಿದಮೇಲೂ ಪಲ್ಲವಿ ಬಾಯಿಗೆ ಬರುತ್ತಿಲ್ಲ ಅಂದರೆ ವಾಗ್ಗೇಯಕಾರರನ್ನು ಬಿಡಬೇಡಿ, ಮುದ್ರಣ ಬದಲಿಸಿ. ದೊಡ್ಡ ಐಟಮ್‌ಗೆ ಮೊದಲು ಹೊತ್ತು ತುಂಬಿಸಲು ಓಡಿಸಿಕೊಂಡು ಹಾಡಿದ್ದು ನಿಮಗೆ ಸಿಕ್ಕಿರಬಹುದು. ಕಾಲಪ್ರಮಾಣ (ಹಾಡುವ ವೇಗ) ಕೆಟ್ಟರೆ ಸಣ್ಣ ರಚನೆ ಪೂರ್ತಿ ಹಾಳು.

ಟಿಪ್ಪಣಿಯಲ್ಲಿ 'ಮಹಾನ್', 'ಅದ್ಭುತ', 'ಅನ್ಯಾಯವಾಗಿ ಮರೆತ ಪ್ರತಿಭೆ' ಅಂತ ಬರೆಯುತ್ತಿದ್ದೀರಾ? ನಿಲ್ಲಿಸಿ. ಒಂದು ಜಾಗ ತೋರಿಸಲು ಆಗದಿದ್ದರೆ ಅದು ಕೇಳಿದ್ದರಿಂದ ಬಂದ ಮೆಚ್ಚುಗೆ ಅಲ್ಲ.

ರಾಗ ಇಷ್ಟವಾಗಿ, ರಚನೆ ನೆನಪೇ ಇಲ್ಲ ಅಂದರೆ ನೀವು ರಾಗ ಕೇಳುತ್ತಿದ್ದೀರಿ. ತಾಳ ಹಾಕುವುದು ನಿಂತಿರುತ್ತದೆ, ನೋಡಿಕೊಳ್ಳಿ.

ಹಂತ 7: ಕಚೇರಿಗೆ ಬೇಗ ಹೋಗಿ, ಕೊನೆವರೆಗೂ ಕೂರಿ

ಕಚೇರಿಯಲ್ಲಿ ಇವರಿಗೆಲ್ಲ ಸಾಮಾನ್ಯವಾಗಿ ಸಿಗುವ ಜಾಗ ಎರಡು: ಶುರುವಿನ ವರ್ಣ, ಕೊನೆಯ ತಿಲ್ಲಾನ. ಒಂದರ ಹೊತ್ತಿಗೆ ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ, ಇನ್ನೊಂದರ ಹೊತ್ತಿಗೆ ಚಪ್ಪಲಿ ಹುಡುಕುತ್ತಿರುತ್ತಾರೆ. ಹತ್ತು ನಿಮಿಷ ಮುಂಚೆ ಹೋಗಿ. ವೀಣೆ ಶೇಷಣ್ಣನವರ ಸೆಂಜುರುಟಿ ತಿಲ್ಲಾನ ಹಾಡುವಾಗ ಎದ್ದು ಹೊರಡಬೇಡಿ.

ಕಚೇರಿ ಮುಗಿದಮೇಲೆ ಕಲಾವಿದರ ಹತ್ತಿರ ಮಾತಾಡಿ. 'ವರ್ಣ ತುಂಬಾ ಚೆನ್ನಾಗಿತ್ತು, ಎರಡನೇ ಎತ್ತುಗಡೆ ಸ್ವರ ನಿಧಾನವಾಗಿ ಬಿಟ್ಟಿರಿ' ಅಂತ ಹೇಳಿದರೆ ಅವರಿಗೆ ಆಗುವ ಸಂತೋಷ ನೋಡಬೇಕು. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಹಾಡುವವರು ಹುಡುಕಿ ಹಾಡುತ್ತಾರೆ.

ಹಂತ 8: ಮುದ್ರಣ ಸಿಗದಿದ್ದರೆ ಮಾಡಿಸಿ

ಚಾಮುಂಡೇಶ್ವರಿ ಕೃತಿಗಳಂಥ ಕಡೆ ಒಂದು ಹಂತದಲ್ಲಿ ಒಳ್ಳೆಯ ಮುದ್ರಣ ಸಿಗುವುದು ಕಷ್ಟವಾಗುತ್ತದೆ. ಆಗ ಸ್ವರಲಿಪಿ ತೆಗೆದುಕೊಂಡು ನಿಮ್ಮ ಊರಿನ ಸಂಗೀತ ಮೇಷ್ಟ್ರ ಹತ್ತಿರ ಹೋಗಿ. ಕಲಿತು ಹಾಡಲು ಅವರಿಗೆ ಸಮಯ ಕೊಡಿ, ಗೌರವಧನ ಕೊಡಿ, ಫೋನಿನಲ್ಲೇ ರೆಕಾರ್ಡ್ ಮಾಡಿ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ಮೈಸೂರಿನಲ್ಲೇ ಇದ್ದರು. ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಹೆಚ್ಚು ಹೆಸರಿಲ್ಲದೆ ಬದುಕುತ್ತಿದ್ದಾಗ, 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರು ಹಣ ಕೊಟ್ಟು ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ದಾರಿ ಮಾಡಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ರಚನೆ) ಒಡೆಯರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಅವರ ಕೈಯಿಂದಲೇ ನುಡಿದ ಮೂರೂ ಕನ್ಚೆರ್ಟೊ ಇವತ್ತು ನಮಗೆ ಸಿಗುತ್ತಿರುವುದು ಹಾಗೆ.

ಮುಂದೆ ಯಾರು ಅಂತ ಗೊತ್ತಾಗದಿದ್ದರೆ ಗುರುಪರಂಪರೆ ಹಿಡಿದು ಹಿಂದಕ್ಕೆ ಹೋಗಿ: ವಾಸುದೇವಾಚಾರ್ಯರಿಂದ ಪಟ್ನಂ, ಪಟ್ನಂ ಅವರಿಂದ ಮಾನಂಬುಚಾವಡಿ, ಅವರ ಹಂಸಧ್ವನಿ ವರ್ಣ 'ಜಲಜಾಕ್ಷ'. ಅಲ್ಲಿಂದ ಮೇಲೆ ಅವರ ಗುರು ತ್ಯಾಗರಾಜರು. ಬದಲಾವಣೆ ಬೇಕೆನಿಸಿದರೆ ಸುಬ್ಬರಾಯ ಶಾಸ್ತ್ರಿಗಳ ರೀತಿಗೌಳ 'ಜನನಿ ನಿನ್ನುವಿನಾ' ತೆಗೆದುಕೊಳ್ಳಿ. ಅದು ಮಿಶ್ರಛಾಪು, ಮೂರು-ನಾಲ್ಕರ ಏಳು ಎಣಿಕೆ. ಅದಕ್ಕೆ ಒಂದು ವಾರ ಸಾಲದು, ಎರಡು ವಾರ ಇಟ್ಟುಕೊಳ್ಳಿ.